ಮೋಟರ್‌ಸೈಕಲ್ ರೋಡ್ ರೇಸಿಂಗ್: ಮೊದಲ ರೇಸಿನ ತನಕ ಯಾವುದು ಮೊದಲು, ಯಾವುದು ಆಮೇಲೆ

ರೇಸಿಂಗ್ ಶುರು ಮಾಡಬೇಕು ಅಂತ ಹೊರಡುವವರಲ್ಲಿ ತುಂಬಾ ಜನ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲು ಬೈಕ್ ತಗೊಳ್ಳುತ್ತಾರೆ. ಆಮೇಲೆ ಅದಕ್ಕೆ ಎಕ್ಸಾಸ್ಟ್, ಇಸಿಯು ಮ್ಯಾಪ್ (ಎಂಜಿನ್ ಕಂಪ್ಯೂಟರಿನ ಹೊಸ ಸೆಟ್ಟಿಂಗ್) ಅಂತ ಹಾಕಿಸುತ್ತಾರೆ. ಅಷ್ಟರಲ್ಲಿ ದುಡ್ಡು ಮುಗಿದಿರುತ್ತದೆ. ಸೂಟ್ ಗೆಳೆಯನದ್ದು, ಬೂಟು ಟ್ರೆಕಿಂಗ್‌ಗೆ ತಂದಿದ್ದು, ಲೈಸೆನ್ಸಿಗೆ ಅರ್ಜಿಯನ್ನೇ ಹಾಕಿರುವುದಿಲ್ಲ. ಟ್ರ್ಯಾಕ್ ತನಕ ಹೋಗಿ ಸ್ಕ್ರೂಟಿನಿಯಲ್ಲೇ, ಅಂದರೆ ಬೈಕ್ ಮತ್ತು ಗೇರ್ ಪರೀಕ್ಷಿಸುವ ಜಾಗದಲ್ಲೇ, ಸಿಕ್ಕಿಬಿದ್ದು ವಾಪಸ್ ಬರುತ್ತಾರೆ. ಒಳಗೆ ಬಿಟ್ಟರೂ ಮೊದಲ ದಿನವೇ ಬಿದ್ದು, ರಿಪೇರಿಗೆ ಕಾಸಿಲ್ಲದೆ ಇಡೀ ಸೀಸನ್ ಮನೆಯಲ್ಲಿ ಕೂರುತ್ತಾರೆ.

ಇವರಿಗೆ ಧೈರ್ಯ ಕಮ್ಮಿ ಇರಲಿಲ್ಲ, ಕ್ರಮ ತಪ್ಪಿತ್ತು ಅಷ್ಟೇ. ಸರಿಯಾದ ಕ್ರಮ ಹೀಗಿದೆ: ತರಬೇತಿ, ಸೇಫ್ಟಿ ಗೇರ್, ಟ್ರ್ಯಾಕ್ ಡೇ (ಟ್ರ್ಯಾಕ್ ಮೇಲೆ ಬರೀ ಅಭ್ಯಾಸಕ್ಕೆ ಓಡಿಸುವ ದಿನ), ಲೈಸೆನ್ಸ್, ಆಮೇಲೆ ಬೈಕ್. ಬೈಕ್ ಐದನೆಯದು. ಇದೊಂದನ್ನು ಒಪ್ಪಿಕೊಂಡರೆ ಮುಂದಿನದೆಲ್ಲ ಸುಲಭ.

ಶುರು ಮಾಡುವ ಮೊದಲೇ ಒಂದು ಮಾತು. ನಂದಿ ಬೆಟ್ಟದ ತಿರುವುಗಳಲ್ಲೋ ಹೊಸೂರು ಹೈವೇಯಲ್ಲೋ "ಪ್ರಾಕ್ಟೀಸ್" ಮಾಡಬೇಡಿ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆ 1988ರ 189ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಕಲಿತದ್ದು ಟ್ರ್ಯಾಕ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ. ರಸ್ತೆಯಲ್ಲಿ ಎದುರಿಂದ ಬಸ್ ಬರುತ್ತದೆ ಅನ್ನುವ ಭಯದಲ್ಲಿ ಕಣ್ಣು ಹತ್ತಿರವೇ ನೋಡುತ್ತಿರುತ್ತದೆ. ಟ್ರ್ಯಾಕ್‌ನಲ್ಲಿ ಮೊದಲು ಬಿಡಿಸಬೇಕಾದ ಅಭ್ಯಾಸವೇ ಅದು.

1. ಟ್ರ್ಯಾಕ್ ಗೊತ್ತು ಮಾಡಿಕೊಳ್ಳಿ

ಕರ್ನಾಟಕದಲ್ಲಿ ಬೈಕ್ ರೇಸಿಗೆ ಅಂತ ಪೂರ್ಣ ಪ್ರಮಾಣದ ಸರ್ಕ್ಯೂಟ್ ಇಲ್ಲ. ಇಲ್ಲಿಂದ ಹೋಗಿಬರಬಹುದಾದ ಎರಡು ತಮಿಳುನಾಡಿನಲ್ಲಿವೆ. ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಚೆನ್ನೈಗೆ ಮೊದಲೇ, ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿದೆ. ಉದ್ದ 3.717 ಕಿ.ಮೀ., 12 ತಿರುವು. ಬೆಂಗಳೂರಿನಿಂದ ಹೋಗುವವರಿಗೆ ಹೈವೇ ಪಕ್ಕದಲ್ಲೇ ಸಿಗುತ್ತದೆ. ಇನ್ನೊಂದು ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. ಅದು ಚಿಕ್ಕದು, ಸುಮಾರು 2.1 ಕಿ.ಮೀ. ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟ್ 5 ಕಿ.ಮೀ.ಗೂ ಜಾಸ್ತಿ ಉದ್ದ. ಮೊದಲ ವರ್ಷ ಅದರ ಯೋಚನೆ ಬೇಡ.

ಒಂದೇ ಟ್ರ್ಯಾಕ್ ಆರಿಸಿಕೊಂಡು ಅಲ್ಲಿಗೇ ಹೋಗಿ. ಎರಡು ಟ್ರ್ಯಾಕ್ ಅರ್ಧರ್ಧ ಗೊತ್ತಿರುವುದಕ್ಕಿಂತ ಒಂದು ಪೂರ್ತಿ ಗೊತ್ತಿರುವುದು ಒಳ್ಳೆಯದು. ನಡುನಡುವೆ ಬೆಂಗಳೂರಿನ ಹೊರಗಿನ ಮೆಕೋ ಕಾರ್ಟೋಪಿಯಾದಂಥ ಕಾರ್ಟಿಂಗ್ ಟ್ರ್ಯಾಕ್‌ನಲ್ಲಿ ಸಣ್ಣ ಬೈಕಿಗೆ ಅವಕಾಶ ಇರುವ ದಿನ ವಿಚಾರಿಸಿ ಹೋಗಿ. ವೇಗ ಕಮ್ಮಿ, ತಿರುವು ಜಾಸ್ತಿ. ಬ್ರೇಕ್ ಮತ್ತು ಮೈ ಚಲನೆ ಕಲಿಯೋಕೆ ಅಷ್ಟು ಸಾಕು.

2. ಸ್ಕೂಲ್‌ಗೆ ಹೋಗಿ, ಅವರ ಬೈಕಿನಲ್ಲೇ ಕಲಿಯಿರಿ

ಭಾರತದಲ್ಲಿ ಈ ಕ್ರೀಡೆಯನ್ನು ನಡೆಸುವ ಸಂಸ್ಥೆ ಫೆಡರೇಶನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ, ಅಂದರೆ ಎಫ್‌ಎಂಎಸ್‌ಸಿಐ. ಇದರ ಮಾನ್ಯತೆ ಇರುವ ತರಬೇತಿ ಶಾಲೆಯಲ್ಲೇ ಸೇರಿ. ಹೊಸಬರು ರೇಸ್ ಲೈಸೆನ್ಸ್ ಕೇಳುವಾಗ ಆ ಸರ್ಟಿಫಿಕೇಟ್ ಬೇಕಾಗುತ್ತದೆ. ಹಣ ಕಟ್ಟುವ ಮೊದಲೇ "ಇದು ಲೈಸೆನ್ಸಿಗೆ ನಡೆಯುತ್ತದಾ?" ಅಂತ ನೇರವಾಗಿ ಕೇಳಿ. ಎಷ್ಟೋ ಕಡೆ "ಟ್ರ್ಯಾಕ್ ಟ್ರೇನಿಂಗ್" ಅಂತ ಹೆಸರಿರುತ್ತದೆ, ಮಾನ್ಯತೆ ಇರುವುದಿಲ್ಲ.

ಬೈಕ್ ಮತ್ತು ಸೂಟ್ ಬಾಡಿಗೆಗೆ ಕೊಡುವ ಸ್ಕೂಲ್ ಸಿಕ್ಕಿದರೆ ಅದನ್ನೇ ಆರಿಸಿ. ನಿಮಗೆ ಇದು ನಿಜವಾಗಿಯೂ ಇಷ್ಟವಾ, ಮೈ ತಡೆಯುತ್ತದಾ ಅನ್ನುವುದು ಕಮ್ಮಿ ಖರ್ಚಿನಲ್ಲಿ ಗೊತ್ತಾಗುತ್ತದೆ. ಚೆನ್ನೈನ ಸುಡು ಬಿಸಿಲಲ್ಲಿ, ಲೆದರ್ ಸೂಟ್‌ನೊಳಗೆ, ಸೆಷನ್ ಮೇಲೆ ಸೆಷನ್ ಓಡಿಸಿದ ಮೇಲೂ ಮತ್ತೆ ಹೋಗಬೇಕು ಅನ್ನಿಸಿದರೆ ಮುಂದಿನ ಹಂತಕ್ಕೆ ಬನ್ನಿ.

ಅಪಾಯದ ಗುರುತು: ಸಂಜೆ ಹೊತ್ತಿಗೆ ಮುಂಗೈ ಗಟ್ಟಿಯಾಗಿ ಬೆರಳು ಬ್ರೇಕ್ ಲಿವರ್ ಹಿಡಿಯದೆ ಹೋದರೆ ನೀವು ಹ್ಯಾಂಡಲ್ ಮೇಲೆ ಭಾರ ಹಾಕುತ್ತಿದ್ದೀರಿ ಅಂತ ಅರ್ಥ. ತೊಡೆಯಿಂದ ಟ್ಯಾಂಕ್ ಅಪ್ಪಿ ಹಿಡಿಯುವುದನ್ನು ತರಬೇತುದಾರರಿಂದ ಸರಿ ಮಾಡಿಸಿಕೊಳ್ಳಿ. ಇದನ್ನು ಹಾಗೇ ಬಿಟ್ಟು ಮುಂದೆ ಹೋದವರು ವರ್ಷಗಟ್ಟಲೆ ಇದರಲ್ಲೇ ಒದ್ದಾಡುತ್ತಾರೆ.

3. ಸೇಫ್ಟಿ ಗೇರ್: ಮೊದಲ ದೊಡ್ಡ ಖರ್ಚು ಇದೇ ಆಗಿರಲಿ

ಹೆಲ್ಮೆಟ್ ಫುಲ್ ಫೇಸ್ ಇರಬೇಕು. ಗದ್ದದ ಪಟ್ಟಿಗೆ ಡಬಲ್ ಡಿ ರಿಂಗ್ (ಪಟ್ಟಿ ಪೋಣಿಸಿ ಬಿಗಿಯುವ ಎರಡು ಲೋಹದ ಬಳೆ) ಇರಲಿ. ಕ್ಲಿಕ್ ಅನ್ನುವ ಬಕಲ್ ಬೇಡ. ಇಸಿಇ 22.06 ಅಥವಾ ಸ್ನೆಲ್ ಅನ್ನುವ ಹೆಲ್ಮೆಟ್ ಸುರಕ್ಷತಾ ಮಾನದಂಡದ ಗುರುತು ನೋಡಿ, ಆಮೇಲೆ ನೀವು ಓಡಿಸಬೇಕೆಂದಿರುವ ಸ್ಪರ್ಧೆಯ ನಿಯಮ ಪುಸ್ತಕದಲ್ಲಿ ಅದು ಇದೆಯಾ ಅಂತ ಹೋಲಿಸಿ. ತಲೆಗೆ ಹಾಕಿ ಪಟ್ಟಿ ಬಿಗಿದು, ಹಿಂದಿನಿಂದ ಮುಂದಕ್ಕೆ ಎತ್ತಿ ನೋಡಿ. ಕಳಚಿ ಬರುವಂತಿದ್ದರೆ ಅದು ನಿಮ್ಮ ಸೈಜ್ ಅಲ್ಲ.

ಸೂಟ್ ಒಂದೇ ತುಂಡಿನದ್ದು ತಗೊಳ್ಳಿ. ಎರಡು ತುಂಡಿನದ್ದಾದರೆ ಸೊಂಟದ ಸುತ್ತ ಪೂರ್ತಿ ಜಿಪ್ ಇರಬೇಕು. ಹಿಂದೆ ಮಾತ್ರ ಸಣ್ಣ ಜಿಪ್ ಇದ್ದರೆ ಸ್ಕ್ರೂಟಿನಿಯಲ್ಲಿ ನಿಲ್ಲಿಸುತ್ತಾರೆ. ಜಾರಿದಾಗ ಮೇಲಿನ ತುಂಡು ಎದೆವರೆಗೆ ಸರಿದು ಹೋಗುತ್ತದೆ, ಅದಕ್ಕೇ ಈ ನಿಯಮ.

ಸೂಟ್ ಅಂಗಡಿಯಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ: ನೆಟ್ಟಗೆ ನಿಂತು ಕನ್ನಡಿ ನೋಡುತ್ತಾರೆ. ರೇಸ್ ಸೂಟ್ ನಿಂತಾಗ ಹಿತವಾಗಿರುವಂತೆ ಹೊಲಿದಿರುವುದಿಲ್ಲ. ಹೆಗಲು ಮುಂದಕ್ಕೆ ಎಳೆದು, ಮಂಡಿ ಸ್ವಲ್ಪ ಮಡಿಸಿಯೇ ನಿಲ್ಲಿಸುತ್ತದೆ. ಬೈಕ್ ಮೇಲೆ ಕೂತು, ಗದ್ದ ಟ್ಯಾಂಕಿಗೆ ತಾಗುವಷ್ಟು ಬಗ್ಗಿ ನೋಡಿ. ಆಗ ಮೊಣಕೈ, ಮಂಡಿ, ಭುಜದ ಗಟ್ಟಿ ಪ್ಯಾಡ್‌ಗಳು ಸರಿಯಾಗಿ ಮೂಳೆಯ ಮೇಲೆ ಬರಬೇಕು. ಮೊಣಕೈ ಪ್ಯಾಡನ್ನು ಇನ್ನೊಂದು ಕೈಯಿಂದ ತಿರುಗಿಸಿ ನೋಡಿ. ಅದು ಪಕ್ಕಕ್ಕೆ ಜಾರಿದರೆ ಬಿದ್ದಾಗಲೂ ಜಾರುತ್ತದೆ. ಬೆನ್ನಿನ ಪ್ರೊಟೆಕ್ಟರ್ ಹಾಕಿಕೊಂಡೇ ಅಳತೆ ನೋಡಬೇಕು. ಸೂಟ್ ತಂದ ಮೇಲೆ ಪ್ರೊಟೆಕ್ಟರ್ ಕೊಂಡರೆ ಜಿಪ್ ಏರುವುದಿಲ್ಲ.

ಗ್ಲೌಸ್ ಮಣಿಕಟ್ಟು ದಾಟಿ ಸೂಟಿನ ತೋಳಿನ ಮೇಲೆ ಬರಬೇಕು, ಮಣಿಕಟ್ಟಿಗೆ ಪ್ರತ್ಯೇಕ ಪಟ್ಟಿ ಬೇಕು. ಬೂಟು ಹಿಮ್ಮಡಿ ಗಂಟು ದಾಟಿ ಮೇಲಕ್ಕೆ ಇರಬೇಕು. ಎದೆ ಪ್ರೊಟೆಕ್ಟರ್ ಅಗ್ಗ, ಹಾಕಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಸೂಟ್ ಪರವಾಗಿಲ್ಲ, ಹೊಲಿಗೆ ಮಾತ್ರ ಒಳಗಿನಿಂದ ಎಳೆದು ನೋಡಿ. ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡವೇ ಬೇಡ. ಒಳಗಿನ ಥರ್ಮೊಕೋಲ್ ಒಂದು ಸಲ ಅಮುಕಿ ಹೋಗಿದ್ದರೂ ಹೊರಗಿನಿಂದ ಕಾಣುವುದಿಲ್ಲ.

4. ಟ್ರ್ಯಾಕ್ ಡೇಗಳು: ಟೈಮ್ ನೋಡಬೇಡಿ

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಗೆಲ್ಲುವವರಿಲ್ಲ, ಕಪ್ ಇಲ್ಲ. ಗುಂಪು ಕೇಳಿದಾಗ ನಿಧಾನದ ಗುಂಪನ್ನೇ ಹೇಳಿ. ನಾಚಿಕೆಪಟ್ಟುಕೊಂಡು ಮೇಲಿನ ಗುಂಪಿಗೆ ಹೋದರೆ ಹಿಂದಿನಿಂದ ಬರುವವರ ಭಯದಲ್ಲೇ ದಿನ ಕಳೆಯುತ್ತೀರಿ.

ಲ್ಯಾಪ್ ಟೈಮರ್ ಮನೆಯಲ್ಲೇ ಬಿಡಿ. ಪ್ರತಿ ತಿರುವಿಗೂ ಮೂರು ಗುರುತು ಹುಡುಕಿ: ಬ್ರೇಕ್ ಎಲ್ಲಿ ಹಿಡಿಯುತ್ತೀರಿ, ಎಲ್ಲಿ ಒಳಕ್ಕೆ ತಿರುಗಿಸುತ್ತೀರಿ, ಎಲ್ಲಿ ಹೊರಕ್ಕೆ ಬರುತ್ತೀರಿ. ಬೋರ್ಡ್, ಕರ್ಬ್‌ನ (ಟ್ರ್ಯಾಕ್ ಅಂಚಿನ ಬಣ್ಣದ ಪಟ್ಟಿ) ಕೊನೆ, ಡಾಂಬರಿನ ತೇಪೆ, ಯಾವುದಾದರೂ ಸರಿ. ನೆರಳು ಬೇಡ, ಅದು ಮಧ್ಯಾಹ್ನದ ಹೊತ್ತಿಗೆ ಜಾಗ ಬದಲಿಸುತ್ತದೆ. ಸೆಷನ್ ಮುಗಿದ ಕೂಡಲೇ ಹೆಲ್ಮೆಟ್ ತೆಗೆದು, ಕಾಗದದ ಮೇಲೆ ಟ್ರ್ಯಾಕ್ ಬರೆದು ಗುರುತುಗಳನ್ನು ಹಾಕಿ. ಬರೆಯಲು ಬಾರದ ತಿರುವು ಯಾವುದೋ ಅದೇ ನಿಮಗೆ ಗೊತ್ತಿಲ್ಲದ ತಿರುವು. ಮುಂದಿನ ಸೆಷನ್ ಅದೊಂದಕ್ಕೇ ಇಡಿ.

ಬ್ರೇಕಿಂಗ್ ಬಹುಪಾಲು ಬೈಕ್ ನೆಟ್ಟಗಿರುವಾಗಲೇ ಆಗಬೇಕು. ತಿರುವಿನ ನಡುವೆ ಹೆದರಿ ಥ್ರಾಟಲ್ ಫಟ್ ಅಂತ ಬಿಡುವುದು, ಮುಂದಿನ ಬ್ರೇಕ್ ಹಿಚುಕುವುದು, ಇವೆರಡೇ ಹೊಸಬರನ್ನು ಹೆಚ್ಚು ಬೀಳಿಸುತ್ತವೆ. ಮಂಡಿ ನೆಲಕ್ಕೆ ತಾಗಲಿಲ್ಲ ಅಂತ ಕೊರಗಬೇಡಿ. ಫೋಟೊಗೆ ಮಂಡಿ ಚಾಚಿ ಚಾಚಿ ಸೊಂಟ ತಿರುಚಿಕೊಂಡು ಓಡಿಸುವವರನ್ನು ಪ್ರತಿ ಟ್ರ್ಯಾಕ್ ಡೇಯಲ್ಲೂ ನೋಡಬಹುದು. ಅವರ ಮೈ ಟ್ಯಾಂಕಿನ ಆಚೆ ಪಕ್ಕದಲ್ಲೇ ಉಳಿದಿರುತ್ತದೆ, ಹಾಗಾಗಿ ಬೈಕ್ ಇನ್ನೂ ಜಾಸ್ತಿ ವಾಲಬೇಕಾಗುತ್ತದೆ.

ರೇಸಿಗೆ ಹೆಸರು ಕೊಡುವ ಕಾಲ ಬಂತು ಅಂತ ಗೊತ್ತಾಗುವುದು ಹೀಗೆ: ಹಿಂದಿನಿಂದ ಯಾರಾದರೂ ಮೀರಿ ಹೋದಾಗ ನಿಮ್ಮ ದಾರಿ ಅಲುಗಾಡುವುದಿಲ್ಲ, ಮತ್ತು ಸತತ ನಾಲ್ಕೈದು ಲ್ಯಾಪ್ ಹೆಚ್ಚುಕಮ್ಮಿ ಒಂದೇ ಥರ ಬರುತ್ತವೆ.

5. ಲೈಸೆನ್ಸ್ ಮತ್ತು ಇನ್ಶೂರೆನ್ಸ್

ಎಫ್‌ಎಂಎಸ್‌ಸಿಐ ಸ್ಪರ್ಧಾ ಲೈಸೆನ್ಸಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ವಯಸ್ಸಿನ ದಾಖಲೆ, ಫೋಟೊ, ರಕ್ತದ ಗುಂಪು, ಡಾಕ್ಟರ್ ಸಹಿ ಮಾಡಿದ ಫಿಟ್‌ನೆಸ್ ಸರ್ಟಿಫಿಕೇಟ್, ತರಬೇತಿ ಸರ್ಟಿಫಿಕೇಟ್ ಇವೆಲ್ಲ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. 18 ತುಂಬದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಪತ್ರ ಬೇಕು. ರೇಸ್ ವಾರದಲ್ಲಿ ಅರ್ಜಿ ಹಾಕುವವರೇ ಜಾಸ್ತಿ, ಅವರೇ ಗೇಟಿನಲ್ಲಿ ಫೋನ್ ಹಿಡಿದು ನಿಲ್ಲುವವರೂ ಕೂಡ. ಒಂದು ತಿಂಗಳು ಮೊದಲೇ ಹಾಕಿ.

ಬೈಕಿನ ಮಾಮೂಲಿ ಇನ್ಶೂರೆನ್ಸ್ ರೇಸಿಂಗ್‌ಗೆ ಅನ್ವಯಿಸುವುದಿಲ್ಲ. ಪಾಲಿಸಿಯಲ್ಲೇ ರೇಸ್, ವೇಗದ ಪರೀಕ್ಷೆ ಇವನ್ನು ಹೊರಗಿಟ್ಟಿರುತ್ತಾರೆ. ಬೈಕ್ ಪುಡಿಯಾದರೆ ಪೂರ್ತಿ ನಿಮ್ಮ ಕೈಯಿಂದಲೇ. ಹೆಲ್ತ್ ಇನ್ಶೂರೆನ್ಸ್‌ನಲ್ಲೂ ಅಪಾಯದ ಕ್ರೀಡೆಗಳಲ್ಲಿ ವೃತ್ತಿಪರರಾಗಿ ಭಾಗವಹಿಸುವಾಗ ಆದ ಗಾಯಕ್ಕೆ ಹಣ ಕೊಡುವುದಿಲ್ಲ ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಹವ್ಯಾಸಿಗೆ ಹೇಗೆ ಅಂತ ಕಂಪನಿಯಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಏಜೆಂಟ್ ಬಾಯಲ್ಲಿ "ಏನೂ ಆಗಲ್ಲ ಸರ್" ಅಂದದ್ದು ಆಸ್ಪತ್ರೆ ಬಿಲ್ ಕಟ್ಟುವುದಿಲ್ಲ.

6. ಈಗ ಬೈಕ್

ಎರಡು ದಾರಿ ಇವೆ. ಒಂದು, ಒನ್ ಮೇಕ್ ಸರಣಿ. ಟಿವಿಎಸ್, ರಾಯಲ್ ಎನ್‌ಫೀಲ್ಡ್‌ನಂಥ ಕಂಪನಿಗಳು ಸೆಲೆಕ್ಷನ್ ನಡೆಸಿ, ಆಯ್ಕೆಯಾದವರಿಗೆ ರೇಸ್ ಬೈಕ್ ತಾವೇ ಕೊಡುತ್ತವೆ. ಎಲ್ಲರಿಗೂ ಒಂದೇ ಥರದ ಬೈಕ್, ಕೆಲಸ ಅವರ ಮೆಕ್ಯಾನಿಕ್‌ಗಳದ್ದು. ಆಯ್ಕೆಯಾದರೆ ನನ್ನ ಪ್ರಕಾರ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸೀಸನ್‌ಗೆ ಮುಂಚೆಯೇ ಸೆಲೆಕ್ಷನ್ ದಿನಾಂಕ ಬರುತ್ತದೆ, ಕಣ್ಣಿಟ್ಟಿರಿ.

ಎರಡು, ಸ್ವಂತ ಬೈಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ನೊವೀಸ್ ಕ್ಲಾಸ್, ಅಂದರೆ ಹೊಸಬರ ವಿಭಾಗ. ಇಲ್ಲಿ 165 ಸಿಸಿ ಒಳಗಿನ ಬೈಕ್, ಹೆಚ್ಚಿನವರು ತರುವುದು ಯಮಹಾ ಆರ್15. ಕಾರಣ ಸುಲಭ: ಬಿಡಿಭಾಗ ಸಿಗುತ್ತದೆ, ಪ್ಯಾಡಕ್‌ನಲ್ಲಿ (ಟ್ರ್ಯಾಕ್ ಪಕ್ಕ ಬೈಕ್ ನಿಲ್ಲಿಸಿ ಕೆಲಸ ಮಾಡುವ ಜಾಗ) ಪಕ್ಕದವರ ಹತ್ತಿರವೂ ಅದೇ ಬೈಕ್ ಇರುತ್ತದೆ, ಕ್ಲಚ್ ಲಿವರ್ ಮುರಿದರೆ ಸಾಲ ಕೇಳಬಹುದು. ಕೆಟಿಎಂ ಆರ್‌ಸಿ 390 ಮೇಲೆ ಆಸೆ ಇರುತ್ತದೆ, ಗೊತ್ತು. ಅದು ತಿರುವಿನಲ್ಲಿ ಮಾಡಿದ ತಪ್ಪನ್ನು ನೇರದಲ್ಲಿ ಮುಚ್ಚಿಹಾಕುತ್ತದೆ. ಸಣ್ಣ ಬೈಕಿನಲ್ಲಿ ತಪ್ಪು ಎದ್ದು ಕಾಣುತ್ತದೆ, ಅದಕ್ಕೇ ಕಲಿಕೆ ಬೇಗ.

ಸಾಲ ಮಾಡಿ ಕೊಂಡ ಬೈಕನ್ನು ಟ್ರ್ಯಾಕ್‌ಗೆ ಇಳಿಸಬೇಡಿ. ನಾಳೆ ಪೂರ್ತಿ ಹಾಳಾದರೂ ಮನೆ ನಡೆಯುತ್ತದೆ ಅನ್ನುವ ಬೈಕನ್ನಷ್ಟೇ ತಗೊಂಡು ಹೋಗಿ. ಬೈಕಿನ ಬೆಲೆಯ ಜೊತೆಗೆ ಎರಡು ಜೊತೆ ಟೈರ್, ಸಾಗಣೆ, ರೂಮ್, ಎಂಟ್ರಿ ಫೀ, ಮತ್ತು ಬಿದ್ದರೆ ರಿಪೇರಿಗೆ ಬೇರೆಯೇ ಎತ್ತಿಟ್ಟ ದುಡ್ಡು, ಇಷ್ಟನ್ನೂ ಕೂಡಿಸಿ ನೋಡಿ.

7. ಬೈಕ್ ಸಿದ್ಧ ಮಾಡುವುದು

ಮೊದಲು ಆ ಸ್ಪರ್ಧೆಯ ತಾಂತ್ರಿಕ ನಿಯಮ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಸ್ಟಾಕ್ ಕ್ಲಾಸ್‌ನಲ್ಲಿ, ಅಂದರೆ ಬಹುಪಾಲು ಕಂಪನಿಯಿಂದ ಬಂದ ಹಾಗೇ ಇರುವ ಬೈಕ್‌ಗಳ ವಿಭಾಗದಲ್ಲಿ, ನಿಯಮ ಬಿಟ್ಟದ್ದನ್ನು ಮಾತ್ರ ಬದಲಿಸಬಹುದು. ಹಾಗಾಗಿ ಪಾರ್ಟ್ ಕೊಳ್ಳುವ ಮೊದಲು ಓದಿ.

ತೆಗೆಯಬೇಕಾದದ್ದು: ಕನ್ನಡಿ, ಇಂಡಿಕೇಟರ್, ಹೆಡ್‌ಲೈಟ್, ನಂಬರ್ ಪ್ಲೇಟ್, ಸೈಡ್ ಸ್ಟ್ಯಾಂಡ್, ಸೀರೆ ಗಾರ್ಡ್, ಹಿಂದಿನವರ ಫುಟ್‌ಪೆಗ್. ಇಷ್ಟು ತೆಗೆದ ಮೇಲೆ ಬೈಕ್ ರಸ್ತೆಗೆ ಇಳಿಯುವಂತಿಲ್ಲ. ಟಾಟಾ ಏಸ್ ಅಥವಾ ಪಿಕಪ್‌ನಲ್ಲೇ ಸಾಗಿಸಿ. ಇಬ್ಬರು ಮೂವರು ಸೇರಿ ಒಂದೇ ಗಾಡಿ ಮಾಡಿಕೊಂಡರೆ ಖರ್ಚು ಇಳಿಯುತ್ತದೆ.

ಕೂಲಂಟ್ ಪೂರ್ತಿ ಇಳಿಸಿ ಡಿಸ್ಟಿಲ್ಡ್ ವಾಟರ್ ತುಂಬಿ. ಕೂಲಂಟ್‌ನಲ್ಲಿರುವ ಗ್ಲೈಕಾಲ್ ಟ್ರ್ಯಾಕ್ ಮೇಲೆ ಚೆಲ್ಲಿದರೆ ಎಣ್ಣೆಯ ಹಾಗೆ ಜಾರುತ್ತದೆ, ಬೇಗ ಒಣಗುವುದೂ ಇಲ್ಲ. ಬ್ರೇಕ್ ಫ್ಲೂಯಿಡ್ ಹೊಸ ಡಾಟ್ 4 ಹಾಕಿ, ಸೀಲ್ ಒಡೆಯದ ಡಬ್ಬಿಯಿಂದ. ಹೊಸದರಲ್ಲಿ ಅದು ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಹಳೆಯ ಫ್ಲೂಯಿಡ್ ಊರಲ್ಲಿ ತೊಂದರೆ ಕೊಡದೆ, ಟ್ರ್ಯಾಕ್‌ನ ಉದ್ದ ನೇರದ ಕೊನೆಯಲ್ಲಿ ಕೈಕೊಡುವುದು ಇದಕ್ಕೇ. ಲ್ಯಾಪ್‌ನಿಂದ ಲ್ಯಾಪ್‌ಗೆ ಲಿವರ್ ಹ್ಯಾಂಡಲ್‌ಗೆ ಹತ್ತಿರ ಬರುತ್ತಿದ್ದರೆ ಅದೇ ಎಚ್ಚರಿಕೆ. ಕೈ ಎತ್ತಿ ಪಿಟ್‌ಗೆ (ಟ್ರ್ಯಾಕ್ ಪಕ್ಕ ಬೈಕ್ ನಿಲ್ಲಿಸುವ ಜಾಗ) ಬನ್ನಿ.

ಇನ್ನು ಲಾಕ್‌ವೈರ್. ಸ್ಕ್ರೂಟಿನಿಯಲ್ಲಿ ಹೊಸಬರು ಅತಿ ಹೆಚ್ಚು ಸಿಕ್ಕಿಬೀಳುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಯಿಲ್ ಡ್ರೈನ್ ಬೋಲ್ಟ್, ಆಯಿಲ್ ತುಂಬುವ ಮುಚ್ಚಳ, ಆಯಿಲ್ ಫಿಲ್ಟರ್ ಮುಚ್ಚಳದ ಬೋಲ್ಟ್, ಬ್ರೇಕ್ ಕ್ಯಾಲಿಪರ್ ಬೋಲ್ಟ್, ಇವು ನಡುಕಕ್ಕೆ ಬಿಚ್ಚಿಕೊಳ್ಳದಂತೆ ಸ್ಟೀಲ್ ತಂತಿ ಕಟ್ಟಬೇಕು. ತಂತಿ 0.8 ಮಿ.ಮೀ. ಸಾಕು. ಬೋಲ್ಟ್ ಬಿಚ್ಚಿ, ವೈಸ್‌ಗೆ ಕಚ್ಚಿಸಿ, ತಲೆಯ ಅಂಚಿನಲ್ಲಿ 1.5 ಮಿ.ಮೀ. ತೂತು ಕೊರೆಯಿರಿ. ಡ್ರಿಲ್ ಬಿಟ್‌ಗೆ ಎಣ್ಣೆ ಬಿಡುತ್ತಾ ನಿಧಾನವಾಗಿ ಹೋಗಿ, ಇಲ್ಲಾಂದ್ರೆ ಬಿಟ್ ಒಳಗೇ ಮುರಿಯುತ್ತದೆ. ಬೋಲ್ಟನ್ನು ಟಾರ್ಕ್ ರೆಂಚ್‌ನಿಂದ ಸರಿಯಾದ ಬಿಗಿಗೆ ತಂದು, ಆಮೇಲೆ ತಂತಿ ಪೋಣಿಸಿ. ತಂತಿಯ ಇನ್ನೊಂದು ತುದಿಯನ್ನು ಎಂಜಿನ್ನಿನ ಗಟ್ಟಿ ಜಾಗಕ್ಕೆ ಕಟ್ಟಬೇಕು, ಮತ್ತು ತಂತಿಯ ಎಳೆತ ಬೋಲ್ಟ್ ಬಿಗಿಯಾಗುವ ದಿಕ್ಕಿಗೇ ಇರಬೇಕು. ಎಷ್ಟೋ ಜನ ಚೆಂದವಾಗಿ ಹೆಣೆದು ಉಲ್ಟಾ ದಿಕ್ಕಿಗೆ ಕಟ್ಟಿರುತ್ತಾರೆ. ಅದು ಕಟ್ಟದೇ ಇದ್ದ ಹಾಗೇ. ಒಂದು ಸೆಂಟಿಮೀಟರ್‌ಗೆ ಮೂರು ನಾಲ್ಕು ಸುತ್ತು ಬಂದರೆ ಸರಿ. ಜಾಸ್ತಿ ತಿರುಚಿದರೆ ತಂತಿ ಸೊರಗಿ ಮುರಿಯುತ್ತದೆ. ಕತ್ತರಿಸಿದ ತುದಿಯನ್ನು ಒಳಕ್ಕೆ ಮಡಚಿ, ಪರೀಕ್ಷಿಸುವವರ ಕೈ ಕೊಯ್ಯದ ಹಾಗೆ.

ಉಳಿದವನ್ನು ಬೇಗ ನೋಡಿ ಮುಗಿಸಬಹುದು. ಲಿವರ್ ತುದಿಯಲ್ಲಿ ದುಂಡನೆಯ ಗುಂಡು ಇರಬೇಕು, ಮುರಿದದ್ದು ನಡೆಯುವುದಿಲ್ಲ. ಹ್ಯಾಂಡಲ್ ತುದಿ ಮುಚ್ಚಿರಬೇಕು. ಥ್ರಾಟಲ್ ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳಬೇಕು, ಹ್ಯಾಂಡಲ್ ಪೂರ್ತಿ ಆಚೀಚೆ ತಿರುಗಿಸಿದಾಗಲೂ. ಕಿಲ್ ಸ್ವಿಚ್ ಕೆಲಸ ಮಾಡಬೇಕು. ಹಿಂದಿನ ಸ್ಪ್ರಾಕೆಟ್ ಹತ್ತಿರ ಬೆರಳು ಸಿಕ್ಕದಂತೆ ಚೈನ್ ಗಾರ್ಡ್ ಹಾಕಿ. ಕೆಲವು ಕ್ಲಾಸ್‌ಗಳಲ್ಲಿ ಎಂಜಿನ್ ಒಡೆದರೆ ಆಯಿಲ್ ಹಿಡಿಯುವ ಬೆಲ್ಲಿ ಪ್ಯಾನ್ ಕೇಳುತ್ತಾರೆ. ಮುಂದಿನ ಚಕ್ರ ಎತ್ತಿ ಫೋರ್ಕ್ ಹಿಂದೆ ಮುಂದೆ ಎಳೆದಾಗ ಟಕ್ ಅಂದರೆ ಸ್ಟೀರಿಂಗ್ ಬೇರಿಂಗ್ ಸಡಿಲ.

ಟೈರ್ ಗಾಳಿ ರಸ್ತೆಗೆ ಇಡುವಷ್ಟು ಇಡಬೇಡಿ. ಓಡಿದ ಮೇಲೆ ಬಿಸಿಯಾಗಿ ಒತ್ತಡ ಏರುತ್ತದೆ. ಟೈರ್ ಕಂಪನಿ ಹೇಳುವ ಬಿಸಿ ಒತ್ತಡ ಎಷ್ಟು ಅಂತ ಕೇಳಿಕೊಂಡು, ಪಿಟ್‌ಗೆ ಬಂದ ತಕ್ಷಣ ಅಳೆಯಿರಿ. ಐದು ನಿಮಿಷ ಬಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ.

8. ಜೊತೆಗೆ ಒಯ್ಯಬೇಕಾದದ್ದು

ಪ್ಯಾಡಕ್ ಸ್ಟ್ಯಾಂಡ್, ಟಾರ್ಕ್ ರೆಂಚ್, ಸಾಕೆಟ್ ಮತ್ತು ಅಲೆನ್ ಕೀ ಸೆಟ್, ಒಳ್ಳೆಯ ಗೇಜ್, ಪಂಪ್, ಲಾಕ್‌ವೈರ್ ಮತ್ತು ಪ್ಲೈಯರ್, ಕೇಬಲ್ ಟೈ, ಡಕ್ಟ್ ಟೇಪ್. ಬಿಡಿಭಾಗದಲ್ಲಿ ಎರಡೂ ಲಿವರ್, ಗೇರ್ ಲಿವರ್, ಬ್ರೇಕ್ ಪೆಡಲ್, ಫುಟ್‌ಪೆಗ್, ಬ್ರೇಕ್ ಪ್ಯಾಡ್. ಬಿದ್ದಾಗ ಮೊದಲು ಮುರಿಯುವುದು ಇವೇ.

ನೀರು, ಓಆರ್‌ಎಸ್, ಬಾಳೆಹಣ್ಣು, ಮಜ್ಜಿಗೆ ಮರೆಯಬೇಡಿ. ಮೂತ್ರ ಗಾಢ ಹಳದಿಯಾಗಿದ್ದರೆ ಆಗಲೇ ನೀರು ಕಮ್ಮಿಯಾಗಿದೆ. ತಲೆಸುತ್ತು, ಬೆವರು ನಿಂತುಹೋಗುವುದು ಕಂಡರೆ ಆ ದಿನಕ್ಕೆ ಬೈಕ್ ಮುಟ್ಟಬೇಡಿ, ಮೆಡಿಕಲ್ ಸೆಂಟರ್‌ಗೆ ಹೋಗಿ. ನಿಮ್ಮ ಜೊತೆ ಒಬ್ಬರಾದರೂ ಬರಲಿ. ಒಂಟಿಯಾಗಿ ಹೋಗಿ ಬಿದ್ದರೆ ಬೈಕ್ ನೋಡುವವರೂ ಇಲ್ಲ, ಮನೆಗೆ ಫೋನ್ ಮಾಡುವವರೂ ಇಲ್ಲ.

9. ಬಾವುಟಗಳು

ಹಳದಿ: ಮುಂದೆ ಅಪಾಯ, ಯಾರನ್ನೂ ಮೀರಬೇಡಿ. ಕೆಂಪು: ಸೆಷನ್ ನಿಂತಿದೆ, ವೇಗ ಇಳಿಸಿ ಪಿಟ್‌ಗೆ ಬನ್ನಿ. ಹಳದಿ ಕೆಂಪು ಪಟ್ಟೆ: ಟ್ರ್ಯಾಕ್ ಜಾರುತ್ತದೆ. ನೀಲಿ: ಹಿಂದೆ ವೇಗದವರು ಬರುತ್ತಿದ್ದಾರೆ. ಕಪ್ಪು ಬಾವುಟದ ಜೊತೆ ನಿಮ್ಮ ನಂಬರ್: ಪಿಟ್‌ಗೆ ಬನ್ನಿ. ಕಪ್ಪಿನ ಮೇಲೆ ಕಿತ್ತಳೆ ಗುಂಡು, ನಿಮ್ಮ ನಂಬರ್: ಬೈಕಿನಲ್ಲಿ ತೊಂದರೆ ಇದೆ, ಆಯಿಲ್ ಸೋರುತ್ತಿರಬಹುದು, ಕೂಡಲೇ ಟ್ರ್ಯಾಕ್ ಬಿಟ್ಟು ಹೊರಗೆ ಬನ್ನಿ. ಅದೇ ಎಣ್ಣೆ ಮೇಲೆ ಹಿಂದಿನವರು ಬೀಳುತ್ತಾರೆ.

ಬಾಯಿಪಾಠ ಮಾಡಿದರೆ ಸಾಲದು. ಬಾವುಟ ತೋರಿಸುವ ಸಿಬ್ಬಂದಿ, ಅಂದರೆ ಮಾರ್ಷಲ್‌ಗಳು ನಿಲ್ಲುವ ಪೋಸ್ಟ್‌ಗಳು ಎಲ್ಲೆಲ್ಲಿವೆ ಅಂತ ಮೊದಲ ಲ್ಯಾಪ್‌ನಲ್ಲೇ ನೋಡಿಟ್ಟುಕೊಳ್ಳಿ. ಬಾವುಟ ಕಾಣಲಿಲ್ಲ ಅನ್ನುವ ನೆಪ ಯಾರೂ ಕೇಳುವುದಿಲ್ಲ.

10. ರೇಸ್ ದಿನ

ರೈಡರ್ ಬ್ರೀಫಿಂಗ್ ತಪ್ಪಿಸಬೇಡಿ. ಪಿಟ್ ಎಕ್ಸಿಟ್ ಮುಚ್ಚುವ ಸಮಯ ಬರೆದುಕೊಳ್ಳಿ. ಅದು ಮುಚ್ಚಿದ ಮೇಲೆ ಬಂದರೆ ನಿಮ್ಮ ಗ್ರಿಡ್ ಜಾಗ (ಸ್ಟಾರ್ಟ್‌ನಲ್ಲಿ ನಿಲ್ಲುವ ಜಾಗ) ಹೋಗುತ್ತದೆ.

ಪ್ರಾಕ್ಟೀಸ್ ಆಗಲಿ, ಕ್ವಾಲಿಫೈಯಿಂಗ್ ಆಗಲಿ, ಮೊದಲ ಎರಡು ಲ್ಯಾಪ್ ಟೈರ್ ಬಿಸಿ ಮಾಡುವುದಕ್ಕೇ. ಸ್ಟಾರ್ಟ್‌ನಲ್ಲಿ ಕಣ್ಣು ಕೆಂಪು ದೀಪದ ಮೇಲಿರಲಿ, ಪಕ್ಕದ ಬೈಕ್ ಮೇಲಲ್ಲ. ಪಕ್ಕದವರು ಅಲುಗಿದ್ದಕ್ಕೆ ನೀವೂ ಹೊರಟರೆ ಜಂಪ್ ಸ್ಟಾರ್ಟ್ ಶಿಕ್ಷೆ ನಿಮಗೂ ಬೀಳುತ್ತದೆ. ಮೊದಲ ತಿರುವಿನಲ್ಲಿ ಎಲ್ಲರೂ ಒಟ್ಟಿಗೆ ಬಂದಾಗ ಮಾಮೂಲಿ ಬ್ರೇಕ್ ಗುರುತಿನ ತನಕ ಕಾಯಬೇಡಿ. ಮುಂದಿನವರ ಬಾಲ ನೋಡಿ ಸ್ವಲ್ಪ ಮೊದಲೇ ಹಿಡಿಯಿರಿ. ಎರಡು ಜಾಗ ಹೋದರೆ ಹೋಗಲಿ, ಮೊದಲ ರೇಸ್‌ನಲ್ಲಿ ಕೊನೆಯ ಲ್ಯಾಪ್ ಮುಗಿಸುವುದೇ ಗುರಿ. ಹಿಂದೆ ತಿರುಗಿ ನೋಡಬೇಡಿ, ನಿಮ್ಮ ದಾರಿ ಬಿಡಬೇಡಿ. ವೇಗದವರು ತಾವೇ ಜಾಗ ಹುಡುಕಿಕೊಂಡು ಹೋಗುತ್ತಾರೆ.

11. ಬಿದ್ದರೆ

ಜಾರುವಾಗ ಬೈಕ್ ಬಿಟ್ಟುಬಿಡಿ. ಕೈ ಊರಲು ಹೋಗಬೇಡಿ, ಮಣಿಕಟ್ಟು ಮುರಿಯುವುದು ಹಾಗೇ. ಪೂರ್ತಿ ನಿಂತೆ ಅಂತ ಖಾತ್ರಿಯಾಗುವ ತನಕ ಏಳಬೇಡಿ. ಇನ್ನೂ ಜಾರುತ್ತಿರುವಾಗಲೇ ನಿಂತಿದ್ದೇನೆ ಅನ್ನಿಸುತ್ತದೆ, ಎದ್ದವರು ಉರುಳುತ್ತಾರೆ. ಎದ್ದ ಮೇಲೆ ಹಿಂದಿನಿಂದ ಬರುವವರನ್ನು ನೋಡಿ, ಟ್ರ್ಯಾಕ್‌ನಿಂದ ದೂರಕ್ಕೆ, ಮಾರ್ಷಲ್ ತೋರಿಸಿದ ಕಡೆಗೆ ಹೋಗಿ. ಬೈಕ್ ಕಡೆಗೆ ಓಡಬೇಡಿ.

ಹೆಲ್ಮೆಟ್ ನೆಲಕ್ಕೆ ಬಡಿದಿದ್ದರೆ ನೋವಿಲ್ಲದಿದ್ದರೂ ಡಾಕ್ಟರ್‌ಗೆ ತೋರಿಸಿ. ಬಿದ್ದದ್ದು ಹೇಗೆ ಅಂತ ನೆನಪಾಗದಿರುವುದು, ವಾಕರಿಕೆ, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು ಕಂಡರೆ ಜೊತೆಗಿದ್ದವರು ಬೈಕಿನ ಕೀ ಕಿತ್ತಿಟ್ಟುಕೊಂಡು ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಹೆಲ್ಮೆಟ್ ಮತ್ತೆ ಬಳಸುವ ಹಾಗಿಲ್ಲ.

ಬೈಕ್ ಪಿಟ್‌ಗೆ ಬಂದ ಮೇಲೆ ಥ್ರಾಟಲ್‌ನೊಳಗೆ ಜಲ್ಲಿ ಸೇರಿದೆಯಾ, ಹ್ಯಾಂಡಲ್ ಬಗ್ಗಿದೆಯಾ, ರೇಡಿಯೇಟರ್ ಸೋರುತ್ತಿದೆಯಾ, ಮುಂದಿನ ಚಕ್ರ ಡಿಸ್ಕ್ ಸಮೇತ ನೆಟ್ಟಗೆ ತಿರುಗುತ್ತದಾ ನೋಡಿ. ಲಿವರ್ ಬದಲಿಸಿ, ಲಾಕ್‌ವೈರ್ ಮತ್ತೆ ಕಟ್ಟಿ, ಹೊಸ ಹೆಲ್ಮೆಟ್ ಸಮೇತ ಸ್ಕ್ರೂಟಿನಿ ಟೇಬಲ್‌ಗೆ ಇನ್ನೊಂದು ಸಲ ಒಯ್ಯಿರಿ. ಅವರು ಸ್ಟಿಕ್ಕರ್ ಹಾಕಿದ ಮೇಲಷ್ಟೇ ಮುಂದಿನ ಸೆಷನ್.